ಪಕ್ಷಿಮಿತ್ರ ಡಾ. ಸಲೀಂ ಅಲಿ

ಮುಂಬಯಿಯಂತಹ ಮಹಾನಗರದಲ್ಲಿ ವಾಸಿಸುವ ನಮಗೆ ಹಕ್ಕಿಗಳೆಂದರೆ ಕಾಗೆ, ಪಾರಿವಾಳ, ಗುಬ್ಬಿ ಇಷ್ಟೇ. ಆದರೆ ಇದೇ ನಗರದ ಖೇತವಾಡಿಯಲ್ಲಿ ಬೆಳೆದ ಬಾಲಕನೊಬ್ಬನು ಒಂದು ಗುಬ್ಬಿಯ ನಿಮಿತ್ತದಿಂದಲೇ ಲೋಕಪ್ರಸಿದ್ಧ ಪಕ್ಷಿಶಾಸ್ತ್ರಜ್ಞನಾದನು. ಅವರೇ ಡಾ. ಸಲೀಂ ಅಲಿಯವರು.

ಇವರು 1896ನೆಯ ಇಸವಿ ನವೆಂಬರ್ 12ರಂದು ಜನಿಸಿದರು. ಎಳೆವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕ ಸಲೀಮನಿಗೆ ಒಂದು ಗಾಳಿಬಂದೂಕು ದೊರೆತಿದ್ದಿತು. 1908ರಲ್ಲಿ ಒಂದು ದಿನ ಅವನು ಹೊಡೆದುರುಳಿಸಿದ ಗುಬ್ಬಿಯ ಕೊರಳಿನಲ್ಲಿ ಹಳದಿಯ ಕಲೆಯಿದ್ದಿತು. ಇದೆಂತಹ ಗುಬ್ಬಿ? ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡರು ಹಕ್ಕಿಯನ್ನು ಗುರುತಿಸಿದುದಲ್ಲದೆ, ಸೊಸೈಟಿಯು ಸಂಗ್ರಹಿಸಿಟ್ಟ ಪಕ್ಷಿಗಳನ್ನೆಲ್ಲ ಆದರದಿಂದ ತೋರಿಸಿದರು. ಹೊಡೆಯುವ ಹುಡುಗನು ಅಂದು ಕೇಳುವ ಹುಡುಗನಾದನು.

ಮುಂದಿನ ದಾರಿ ಸುಗಮವಾಗಿರಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು. ಬರ್ಲಿನ್ನಿಗೆ ಹೋಗಿ ಪಂಡಿತ ಸ್ಟ್ರೆಸೆಮನ್ನರಲ್ಲಿ ಪಕ್ಷಿಶಾಸ್ತ್ರವನ್ನು ಅಭ್ಯಾಸಮಾಡಿ 1930ರಲ್ಲಿ ಮರಳಿದಾಗ ಆ ಕೆಲಸವೇ ಇರಲಿಲ್ಲ. ಸಲೀಂ ಅಲಿಯವರು ಪತ್ನಿ ತೆಹ್ಮೀನಾರೊಡನೆ ಅಲಿಬಾಗಿನ ಬಳಿಯ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದುವು. ಅವರು ಮರೆಯಲ್ಲಿ ಕುಳಿತು, ಹಕ್ಕಿಗಳಿಗೆ ತಮ್ಮ ಇರವೇ ತಿಳಿಯದಂತೆ, ದಿನವೂ ತಾಸುಗಟ್ಟಲೆ ನೋಡಿದರು, ನೋಡಿದುದನ್ನು ಬರೆದಿಟ್ಟರು. ಗಂಡು ಗೀಜಗವು ಗೂಡನ್ನು ಅರ್ಧ ಹೆಣೆದು ಹೆಣ್ಣಿಗಾಗಿ ಕಾಯುತ್ತದೆ; ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದನ್ನು ಪೂರ್ಣಗೊಳಿಸುತ್ತದೆ; ಅನಂತರ ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಸಂಸಾರದ ಗುಟ್ಟು ಬಂದೂಕಿಗೆ ದೊರೆಯಲಾರದು, ತಾಳ್ಮೆಗೆ ದೊರೆಯಿತು.

ನಮ್ಮ ನಾಡಿಗೂ ಅವರ ಋಣವುಂಟು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಅವರು ಕೈಕೊಂಡರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು ಅವರು ಮಾಡಿದ ಒತ್ತಾಯದಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಹೊರಬಂದಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಬಂದಿತು. 1987ರ ಜೂನ್ ತಿಂಗಳಲ್ಲಿ ಅವರು ಕಾಲವಾದರು.

ಸಲೀಂ ಅಲಿಯವರು ಶಾಸ್ತ್ರಕ್ಕಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದುದೂ ನಿಜ. ಅದನ್ನು ನಾವು ಮರೆಮಾಚಬೇಕಾಗಿಲ್ಲ; ಅಂದಿನ ಪಕ್ಷಿಶಾಸ್ತ್ರದ ಪದ್ಧತಿಯೇ ಹಾಗಿದ್ದಿತು. ಆದರೆ ಇಂದು ಬರಿಯ ಒಂದು ಚಿತ್ರದ ಆಸೆಗಾಗಿ ಹಕ್ಕಿಯನ್ನು ಪೀಡಿಸುವ ನಮಗೆ ಯಾವ ಶಾಸ್ತ್ರದ ನೆಪವಿದೆ?

ಅವರು ರಾಷ್ಟ್ರಪಕ್ಷಿಯಾಗಬೇಕೆಂದು ಬಯಸಿದ ಎರೆಭೂತವನ್ನೇ ನೋಡಿರಿ. ಒಂದು ಕಾಲದಲ್ಲಿ ಸೊಲ್ಲಾಪುರ, ಬಳ್ಳಾರಿಗಳ ಬಯಲುಗಳಲ್ಲಿ ತಿರುಗುತ್ತಿದ್ದ ಈ ಹಿರಿಯ ಹಕ್ಕಿಯು ಇಂದು ಕಾಡಿನಲ್ಲಿ 200ಕ್ಕಿಂತಲೂ ಕಡಮೆ ಉಳಿದಿದೆ. ಅದು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಕ್ಯಾಮರಾ ಹಿಡಿದು ಹತ್ತಿರ ಹೋದರೆ ತಾಯಿಯು ಎದ್ದುಹೋಗುವುದು. ಮೊಟ್ಟೆಯು ಬಿಸಿಲಿನ ಪಾಲೋ ಕಾಗೆಯ ಪಾಲೋ ಆಗುವುದು. ಚಿತ್ರವು ನಮಗೆ ಉಳಿದೀತು; ಹಕ್ಕಿಯ ಒಂದು ವರ್ಷದ ಬಾಳು ಹೋದೀತು.

ಬಾಲಕರೇ, ಬಾಲಿಕೆಯರೇ! ಚಳಿಗಾಲದಲ್ಲಿ ಠಾಣೆಯ ಖಾಡಿಗೆ ರಾಜಹಂಸಗಳು ಬಂದಾಗ ನೀವೂ ನೋಡಲು ಹೋಗುವಿರಿ. ದೂರದಿಂದಲೇ ನೋಡಿರಿ. ಹಾರುವ ಚಿತ್ರ ಬೇಕೆಂದು ಕಲ್ಲೆಸೆಯಬೇಡಿರಿ. ಗೂಡು ಕಂಡರೆ ಅದರ ಮುಂದಿನ ಟೊಂಗೆಯನ್ನು ಸರಿಸಬೇಡಿರಿ. ಅದೇ ಮರಿಗಳ ನೆರಳು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಮೋಸದಿಂದ ಕರೆಯಬೇಡಿರಿ. ಅಪರೂಪದ ಹಕ್ಕಿಯ ಗೂಡಿರುವ ಸ್ಥಳವನ್ನು ಊರಿಗೆಲ್ಲ ಸಾರಬೇಡಿರಿ. ನಾವು ನೋಡಿ ಬಂದ ಮೇಲೂ ಹಕ್ಕಿಯು ತನ್ನ ಕೆಲಸದಲ್ಲಿಯೇ ತೊಡಗಿದ್ದರೆ, ನಾವು ಸರಿಯಾಗಿ ನೋಡಿದೆವೆಂದು ತಿಳಿಯಬೇಕು. ಕಿಹೀಮಿನ ಮರೆಯಲ್ಲಿ ಕುಳಿತ ಆ ಹಿರಿಯರ ಬಾಳು ನಮಗೆ ಕಲಿಸುವ ಪಾಠವಿದು.