ದಾದಿಯರ ಪಟ್ಟಿಯ ಮೊದಲ ಹೆಸರು

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿಯ ಬಳಿ ನರ್ಸ್ ಚುಚ್ಚುಮದ್ದು ಹಿಡಿದು ಬಂದಾಗ, ನೀವು ಎಲ್ಲಿ ಕಲಿತಿರಿ, ಪರೀಕ್ಷೆ ಪಾಸಾಗಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಸಮವಸ್ತ್ರ ಕಂಡೊಡನೆ ತೋಳು ಚಾಚುತ್ತೇವೆ. ನಮ್ಮ ಹೆತ್ತವರನ್ನು, ಎಳೆಯ ಮಕ್ಕಳನ್ನು ಆ ಕೈಗಳಿಗೆ ಒಪ್ಪಿಸಿ ಮನೆಗೆ ಹೋಗಿ ನಿದ್ರಿಸುತ್ತೇವೆ. ಈ ನಂಬಿಕೆ ತಾನಾಗಿ ಬಂದದ್ದಲ್ಲ. ಇದರ ಹಿಂದೆ ಸುಮಾರು ಮೂವತ್ತು ವರ್ಷಗಳ ಒಂದು ದೊಡ್ಡ ಹೋರಾಟವಿದೆ. ಅದನ್ನು ಮುನ್ನಡೆಸಿದವರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಮಹಿಳೆ.

ಎಥೆಲ್ ಗಾರ್ಡನ್ ಮ್ಯಾನ್ಸನ್ 1857ರ ಜನವರಿ 26ರಂದು ಸ್ಕಾಟ್ಲೆಂಡಿನ ಎಲ್ಗಿನ್ ಪಟ್ಟಣದ ಬಳಿ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮರುಮದುವೆಯಾದ ಬಳಿಕ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಬೆಳೆದರು. ದುಡಿದು ತಿನ್ನಬೇಕಾದ ಅಗತ್ಯ ಆಕೆಗಿರಲಿಲ್ಲ. ಆದರೂ 21ನೆಯ ವಯಸ್ಸಿನಲ್ಲಿ ನಾಟಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ ತರಬೇತಿಗಾಗಿ ಸೇರಿದರು. ಅಲ್ಲಿಂದ ಮ್ಯಾಂಚೆಸ್ಟರಿಗೆ, ಮುಂದೆ ಲಂಡನ್ನಿನ ಬಡವರ ಕೇರಿಯಲ್ಲಿದ್ದ ಲಂಡನ್ ಆಸ್ಪತ್ರೆಗೆ ಹೋದರು. 1881ರಲ್ಲಿ, ಇನ್ನೂ 24ರ ಹರೆಯದಲ್ಲೇ, ಸೇಂಟ್ ಬಾರ್ತಲೋಮಿಯೂಸ್ ಆಸ್ಪತ್ರೆಯ ಮೇಟ್ರನ್ ಆದರು. ಅದು 1123ರಲ್ಲಿ ರಹೀರ್ ಎಂಬ ಸನ್ಯಾಸಿ ಬಡರೋಗಿಗಳಿಗಾಗಿ ಕಟ್ಟಿಸಿದ ಪುರಾತನ ಆಸ್ಪತ್ರೆ. ಅಲ್ಲಿ ಆಕೆ ದಾದಿಯರ ತರಬೇತಿಯನ್ನು ಮೂರು ವರ್ಷಗಳಿಗೆ ಏರಿಸಿದರು.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡೋಣ. ವೈದ್ಯರಿಗೆ 1858ರ ಕಾನೂನಿನಂತೆ ಒಂದು ನೋಂದಣಿ ಪುಸ್ತಕವಿತ್ತು. ಯಾರು ನಿಜವಾದ ವೈದ್ಯರು ಎಂಬುದನ್ನು ಜನರು ಅದರಿಂದ ತಿಳಿಯಬಹುದಿತ್ತು. ದಾದಿಯರಿಗೆ ಅಂಥದ್ದೇನೂ ಇರಲಿಲ್ಲ. ಒಂದು ಆಸ್ಪತ್ರೆ ಮೂರು ವರ್ಷ ಕಲಿಸಿದರೆ ಇನ್ನೊಂದು ಒಂದೇ ವರ್ಷ ಕಲಿಸುತ್ತಿತ್ತು. ಏನೂ ಕಲಿಯದವರು ಸಹ ತಲೆಗೆ ಟೋಪಿ ಧರಿಸಿ ನರ್ಸ್ ಎಂದು ಹೇಳಿಕೊಳ್ಳಬಹುದಿತ್ತು. ತಪ್ಪು ಮಾಡಿ ಒಂದು ಆಸ್ಪತ್ರೆಯಿಂದ ಹೊರಬಿದ್ದವಳು ಮರುವಾರವೇ ಬೇರೊಂದು ಮನೆಯಲ್ಲಿ ರೋಗಿಯ ಪಕ್ಕ ಕುಳಿತರೆ ತಡೆಯುವವರಿರಲಿಲ್ಲ. ಅದೇ ಕಾಲದಲ್ಲಿ ವೈದ್ಯಶಾಸ್ತ್ರ ವೇಗವಾಗಿ ಬೆಳೆಯುತ್ತಿತ್ತು. ಗಾಯವನ್ನು ಕ್ರಿಮಿಗಳಿಂದ ಕಾಪಾಡುವುದು, ಜ್ವರದ ಏರಿಳಿತವನ್ನು ಗುರುತು ಹಾಕುವುದು, ಅಫೀಮಿನಂಥ ಪ್ರಬಲ ಔಷಧವನ್ನು ಅಳೆದು ಕೊಡುವುದು ಇವೆಲ್ಲ ದಾದಿಯ ಕೆಲಸವಾಗತೊಡಗಿದ್ದವು. ಅಳತೆ ತಪ್ಪಿದರೆ ಒಳ್ಳೆಯ ಮನಸ್ಸು ಇದ್ದರೂ ರೋಗಿ ಉಳಿಯುವುದಿಲ್ಲ.

1887ರಲ್ಲಿ ಎಥೆಲ್ ವೈದ್ಯ ಬೆಡ್‌ಫರ್ಡ್ ಫೆನ್ವಿಕ್ ಅವರನ್ನು ವಿವಾಹವಾಗಿ, ಅಂದಿನ ರೂಢಿಯಂತೆ ಕೆಲಸ ಬಿಟ್ಟರು. ಆದರೆ ಅದೇ ವರ್ಷ ತಮ್ಮ ಮನೆಯಲ್ಲೇ ಬ್ರಿಟಿಷ್ ದಾದಿಯರ ಸಂಘವನ್ನು ಹುಟ್ಟುಹಾಕಿದರು. ವಿಕ್ಟೋರಿಯಾ ರಾಣಿಯ ಮಗಳು ಹೆಲೆನಾ ಅದರ ಅಧ್ಯಕ್ಷೆಯಾದರು. ಎಥೆಲ್‌ರ ಬೇಡಿಕೆ ಸರಳವಾಗಿತ್ತು: ನಿಗದಿತ ಕಾಲದ ತರಬೇತಿ, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಪಾಸಾದವರ ಹೆಸರಿರುವ ಸರ್ಕಾರಿ ನೋಂದಣಿ ಪುಸ್ತಕ, ಗಂಭೀರ ತಪ್ಪು ಮಾಡಿದವರ ಹೆಸರನ್ನು ಅದರಿಂದ ತೆಗೆಯುವ ಅಧಿಕಾರ.

ಇದನ್ನು ವಿರೋಧಿಸಿದವರು ಯಾರು ಗೊತ್ತೇ? ಫ್ಲಾರೆನ್ಸ್ ನೈಟಿಂಗೇಲ್! ಜಗತ್ತೇ ಕೊಂಡಾಡಿದ, ದೀಪಧಾರಿಣಿ ಎನಿಸಿಕೊಂಡ ಆ ಮಹಾತಾಯಿಯ ವಿರೋಧ ಹಗುರವಾದುದಲ್ಲ. ಪರೀಕ್ಷೆ ನೆನಪಿನ ಶಕ್ತಿಯನ್ನು ಅಳೆಯಬಲ್ಲದು, ಗುಣವನ್ನಲ್ಲ ಎಂಬುದು ಅವರ ವಾದ. ತಾಳ್ಮೆ, ಪ್ರಾಮಾಣಿಕತೆ, ನಡುರಾತ್ರಿಯಲ್ಲೂ ಬೇಸರಿಸದ ಮೃದುತ್ವ ಇವನ್ನು ಯಾವ ಪ್ರಶ್ನೆಪತ್ರಿಕೆ ಕೇಳೀತು? ಅಲ್ಲದೆ, ಇಂದು ಒಳ್ಳೆಯವಳೆಂದು ಬರೆದುಕೊಂಡ ಹೆಸರು ಹತ್ತು ವರ್ಷಗಳ ನಂತರವೂ ಒಳ್ಳೆಯವಳದ್ದೇ ಎಂದು ಹೇಗೆ ಹೇಳುವುದು? ದಾದಿಯನ್ನು ದಿನದಿನವೂ ಹತ್ತಿರದಿಂದ ನೋಡುವ ಮೇಟ್ರನ್ನಿನ ಮಾತೇ ಸರಿಯಾದ ಸಾಕ್ಷಿ ಎಂದು ಅವರು ನಂಬಿದ್ದರು.

ಎಥೆಲ್ ಗುಣವನ್ನು ಅಲ್ಲಗಳೆಯಲಿಲ್ಲ. ಆದರೆ ರೋಗಿಯ ಮನೆಯವರಿಗೆ ಮೇಟ್ರನ್ನಿನ ಪರಿಚಯವಿರುವುದಿಲ್ಲವಲ್ಲ! ಅಪರಿಚಿತಳನ್ನು ನಂಬಬೇಕಾದ ಬಡವನಿಗೆ ಕಾನೂನೇ ಆಸರೆ. ಕಲಿಕೆ ಇಲ್ಲದ ಕರುಣೆಯಿಂದ ಆಗುವ ಹಾನಿಯನ್ನಾದರೂ ಪರೀಕ್ಷೆ ತಡೆಯಬಲ್ಲದು.

1893ರಲ್ಲಿ ಸಂಘಕ್ಕೆ ರಾಜಸನ್ನದು ದೊರೆಯಿತು. ಆದರೆ ದಾದಿಯರ ಹೆಸರುಗಳ ಒಂದು ಪಟ್ಟಿಯನ್ನು ಇಡಲು ಮಾತ್ರ ಅನುಮತಿ ಸಿಕ್ಕಿತು. ಅಧಿಕೃತ ನೋಂದಣಿಯ ಹಕ್ಕು ಸಿಗಲಿಲ್ಲ. ಎಥೆಲ್ ಎದೆಗುಂದಲಿಲ್ಲ. ದಾದಿಯರ ಪತ್ರಿಕೆಯೊಂದನ್ನು ವಹಿಸಿಕೊಂಡು ಬರೆದರು. 1899ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಳಿಯನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷೆಯಾದರು. 1901ರಲ್ಲಿ ನ್ಯೂಜಿಲೆಂಡ್ ದಾದಿಯರಿಗಾಗಿಯೇ ಪ್ರತ್ಯೇಕ ನೋಂದಣಿ ಕಾಯ್ದೆ ಮಾಡಿದ ಮೊದಲ ದೇಶವಾಯಿತು. 1903ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಆ ಹಾದಿ ಹಿಡಿಯಿತು. ಆಕೆಯ ಸ್ವಂತ ನಾಡಿನಲ್ಲಿ ಮಾತ್ರ ಮಸೂದೆಗಳು ಮತ್ತೆ ಮತ್ತೆ ಬಿದ್ದುಹೋದವು.

ಮೊದಲ ಮಹಾಯುದ್ಧ ಪರಿಸ್ಥಿತಿಯನ್ನು ಬದಲಿಸಿತು. ಪೂರ್ಣ ತರಬೇತಿಯಿಲ್ಲದ ಸಾವಿರಾರು ಸ್ವಯಂಸೇವಕಿಯರು ಗಾಯಾಳುಗಳ ಆರೈಕೆಗೆ ಬಂದಿದ್ದರು. ಯುದ್ಧ ಮುಗಿದ ಮೇಲೆ, ಯಾರು ಅರ್ಹ ದಾದಿ ಎಂಬ ಪ್ರಶ್ನೆಯನ್ನು ಇನ್ನು ತಳ್ಳಿಹಾಕುವಂತಿರಲಿಲ್ಲ. 1919ರ ಡಿಸೆಂಬರಿನಲ್ಲಿ ಕಾಯ್ದೆ ಜಾರಿಗೆ ಬಂತು. 1921ರಲ್ಲಿ ತೆರೆದ ನೋಂದಣಿ ಪುಸ್ತಕದ ಒಂದನೆಯ ಸಂಖ್ಯೆಯ ಮುಂದೆ ಬರೆದ ಹೆಸರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್. ಆಗ ಆಕೆಗೆ 64 ವರ್ಷ.

ಎಥೆಲ್ ಸೌಮ್ಯ ಸ್ವಭಾವದವರಲ್ಲ. ದಾದಿಯ ವೃತ್ತಿ ಸುಸಂಸ್ಕೃತ ಮನೆತನದ ಹೆಣ್ಣುಮಕ್ಕಳಿಗೇ ಸೇರಬೇಕೆಂಬ ಅಭಿಮಾನ ಆಕೆಯಲ್ಲಿತ್ತು. ಹೊಸ ಮಂಡಳಿಯಲ್ಲಿ ಆಕೆ ಒಂದೊಂದು ಅರ್ಜಿಯನ್ನೂ ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ಹಟ ಹಿಡಿದರು. ಕೆಲಸ ನಿಧಾನವಾಯಿತು, ಜಗಳ ಹುಟ್ಟಿತು, ಹಲವು ಸದಸ್ಯರು ರಾಜೀನಾಮೆ ಕೊಟ್ಟರು. ಮೊದಲ ಚುನಾವಣೆಯಲ್ಲಿ ದಾದಿಯರೇ ಆಕೆಯನ್ನು ಸೋಲಿಸಿದರು. ತಾವು ಕಟ್ಟಿದ ಮನೆಯಿಂದ ಆಕೆ ಹೊರಬಿದ್ದರು. 1925ರಲ್ಲಿ ಮೊದಲ ಸರ್ಕಾರಿ ಪರೀಕ್ಷೆ ನಡೆದಾಗ ಆಕೆ ಮಂಡಳಿಯಲ್ಲಿರಲಿಲ್ಲ. ಬಿತ್ತಿದವರೇ ಕೊಯ್ಯಬೇಕೆಂಬ ನಿಯಮವಿಲ್ಲ. ಆದರೂ ಬೆಳೆ ಬಂತು.

1947ರ ಮಾರ್ಚ್ 13ರಂದು ಆಕೆ ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಸ್ವತಂತ್ರ ಭಾರತ ತನ್ನ ನರ್ಸಿಂಗ್ ಕೌನ್ಸಿಲ್ ಕಾಯ್ದೆಯನ್ನು ಮಾಡಿತು. ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತದಲ್ಲಿ 1926ರಲ್ಲೇ ದಾದಿಯರ ಹಾಗೂ ಸೂಲಗಿತ್ತಿಯರ ಕಾಯ್ದೆ ಬಂದಿತ್ತು. 1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ನಮ್ಮಲ್ಲಿ ಪರೀಕ್ಷೆ ಪಾಸಾದರೆ ಮಾತ್ರ ಸಾಲದು. ರಾಜ್ಯದ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ನಮ್ಮ ಊರುಗಳಿಂದ ಇಂಗ್ಲೆಂಡಿಗೆ ಹೋಗುವ ನರ್ಸುಗಳು ಎಥೆಲ್ ತೆರೆಸಿದ ಆ ಪುಸ್ತಕದ ಇಂದಿನ ರೂಪದಲ್ಲೇ ಹೆಸರು ಬರೆಸುತ್ತಾರೆ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ, ಆ ಬಳಿಕ ಕೈಯಾರೆ ಕೆಲಸ ಮಾಡಿ ತೋರಿಸುವ ಇನ್ನೊಂದು ಪರೀಕ್ಷೆ ಎದುರಿಸುತ್ತಾರೆ. ಔಷಧ ಕೊಡುವ ಮುನ್ನ ರೋಗಿಯ ಹೆಸರು ಕೇಳಿದರೇ, ಕೈ ತೊಳೆದರೇ, ರೋಗಿಯೊಡನೆ ಸೌಜನ್ಯದಿಂದ ಮಾತಾಡಿದರೇ ಎಂಬುದನ್ನೆಲ್ಲ ಅಲ್ಲಿ ನೋಡುತ್ತಾರೆ. 2016ರಿಂದ ಅಲ್ಲಿನ ನರ್ಸುಗಳು ಮೂರು ವರ್ಷಕ್ಕೊಮ್ಮೆ ತಮ್ಮ ಅರ್ಹತೆಯನ್ನು ಮತ್ತೆ ತೋರಿಸಬೇಕು: ಕನಿಷ್ಠ 450 ಗಂಟೆಗಳ ಸೇವೆ, 35 ಗಂಟೆಗಳ ಹೊಸ ಕಲಿಕೆ. ಒಮ್ಮೆ ಬರೆದ ಹೆಸರು ಎಂದೆಂದಿಗೂ ಸಾಕ್ಷಿಯಾಗದು ಎಂಬ ನೈಟಿಂಗೇಲ್‌ರ ಆಕ್ಷೇಪಕ್ಕೆ ಉತ್ತರ ಹೀಗೆ ತಡವಾಗಿ ಬಂತು. ಎದುರಾಳಿಗಳಾಗಿದ್ದ ಆ ಇಬ್ಬರು ಮಹಿಳೆಯರ ಮಾತೂ ಇಂದು ಒಂದೇ ನಿಯಮದೊಳಗೆ ಸೇರಿವೆ.

ಪ್ರಿಯ ತಂದೆತಾಯಿಗಳೇ, ಮಗಳನ್ನೋ ಮಗನನ್ನೋ ನರ್ಸಿಂಗ್ ಕಲಿಯಲು ಕಳುಹಿಸುವ ಮುನ್ನ, ಆ ಶಾಲೆಗೆ ರಾಜ್ಯದ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಸುಲಭದ ಸರ್ಟಿಫಿಕೇಟು ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ. ಪರೀಕ್ಷೆ ಕಷ್ಟವೆಂದು ಮಕ್ಕಳು ಕಣ್ಣೀರಿಟ್ಟಾಗ, ಆ ಕಷ್ಟ ಮುಂದೊಂದು ರಾತ್ರಿ ಯಾರದೋ ಪ್ರಾಣ ಉಳಿಸಲಿಕ್ಕೆ ಎಂದು ತಿಳಿಹೇಳಿರಿ. ರೋಗಿಗಳ ಸೇವೆ ಕ್ರಿಸ್ತನ ಸೇವೆಯೆಂದು ನಂಬುವ ನಾವು, ಆ ಸೇವೆಗೆ ಅರೆಕಲಿತ ಕೈಗಳನ್ನು ಕಳುಹಿಸಬಾರದು. ಚೆನ್ನಾಗಿ ಕಲಿಯುವುದೂ ಪ್ರೀತಿಯ ಒಂದು ರೂಪವೇ.