ಎರಡು ಪೈಸೆಯ ಶಾಲೆ: ನಮ್ಮೂರ ಕುದ್ಮುಲ್ ರಂಗರಾಯರು

ಮಂಗಳೂರಿಗೆ ಹೋಗಿ ಬರುವ ನಮ್ಮವರಲ್ಲಿ ಅಲ್ಲಿಯ ಪುರಭವನವನ್ನು ಕಾಣದವರು ವಿರಳ. ಆ ಭವನಕ್ಕೆ ಇಟ್ಟಿರುವ ಕುದ್ಮುಲ್ ರಂಗರಾಯರ ಹೆಸರನ್ನು ಓದುತ್ತೇವೆ, ಮುಂದೆ ಸಾಗುತ್ತೇವೆ. ಆ ಮಹನೀಯರು ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತೇಹೋಗಿದೆ.

ರಂಗರಾಯರ ಜನನ 1859ರ ಜೂನ್ 29ರಂದು, ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಆಗ ಕಾಸರಗೋಡು, ಮಂಗಳೂರುಗಳೆರಡೂ ಮದರಾಸು ಪ್ರಾಂತದಲ್ಲೇ ಇದ್ದವು. ನಡುವೆ ರಾಜ್ಯದ ಗಡಿಯಿರಲಿಲ್ಲ. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಮಂಗಳೂರು ಸೇರಿ ಮೊದಲು ಅಧ್ಯಾಪಕರಾದರು, ಅನಂತರ ಪ್ಲೀಡರ್ ಪರೀಕ್ಷೆ ಪಾಸುಮಾಡಿ ವಕೀಲರಾದರು. ಬಡವರ ವಕೀಲರೆಂದೇ ಹೆಸರು ಪಡೆದರು. ಉಳ್ಳಾಲ ರಘುನಾಥಯ್ಯನವರು ಮಂಗಳೂರಿನಲ್ಲಿ ಬೇರೂರಿಸಿದ್ದ ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಹಿಡಿದವು.

ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಯ ಜಗಲಿ ಹತ್ತುವುದೂ ಅಸಾಧ್ಯವಾಗಿದ್ದ ಕಾಲ ಅದು. 1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಒಂದು ಶಾಲೆ ತೆರೆದರು. ಗಾಂಧೀಜಿಯವರು ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದ್ದು ಅದರ ಮರುವರ್ಷ ಎಂಬುದನ್ನು ನೆನೆದರೆ, ಇವರು ಎಷ್ಟು ಮುಂದೆ ನಡೆದಿದ್ದರೆಂಬುದು ತಿಳಿಯುತ್ತದೆ.

ಆದರೆ ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದಾರೆಯೇ? ಬಡವರ ಮನೆಯಲ್ಲಿ ಎಳೆಯ ಮಗುವೂ ದುಡಿಯುವ ಕೈಯೇ. ದನ ಮೇಯಿಸಲು ಹೋದರೆ, ಗದ್ದೆಯಲ್ಲಿ ಕೈಜೋಡಿಸಿದರೆ ಹೊಟ್ಟೆಗೊಂದಿಷ್ಟು ಸಿಗುತ್ತಿತ್ತು. ಶಾಲೆಗೆ ಹೋದರೆ ಅದೂ ಇಲ್ಲ. ಧಣಿಗಳ ಮುನಿಸಿನ ಭಯ ಬೇರೆ. ಈ ಕಷ್ಟವನ್ನು ರಂಗರಾಯರು ಚೆನ್ನಾಗಿ ಅರಿತಿದ್ದರು. ಹೆತ್ತವರಿಗೆ ವಿದ್ಯೆಯ ಮಹಿಮೆಯನ್ನು ಬೋಧಿಸಿ ಸುಮ್ಮನಾಗಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಕ್ರಮವಿಟ್ಟರು, ಮಧ್ಯಾಹ್ನದ ಊಟಕ್ಕೆ ಏರ್ಪಾಡು ಮಾಡಿದರು. ಈ ಮಕ್ಕಳಿಗೆ ಕಲಿಸಲು ಮೇಲುಜಾತಿಯ ಅಧ್ಯಾಪಕರು ಒಪ್ಪದಿದ್ದಾಗ ಕ್ರೈಸ್ತ ಅಧ್ಯಾಪಕರನ್ನು ಕರೆತಂದರು.

1897ರಲ್ಲಿ ಈ ಕಾರ್ಯಕ್ಕೆಂದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಅತ್ತಾವರ, ಬೋಳೂರು, ಮುಲ್ಕಿ, ನೇಜಾರು, ಉಡುಪಿ ಮುಂತಾದೆಡೆಗಳಲ್ಲಿ ಶಾಲೆಗಳು ತಲೆಯೆತ್ತಿದವು. ಅಕ್ಷರದ ಜೊತೆಗೆ ಬದುಕಿಗೊಂದು ದಾರಿಯೂ ಬೇಕೆಂದು ಮರಗೆಲಸ, ನೇಯ್ಗೆಗಳನ್ನು ಕಲಿಸುವ ವ್ಯವಸ್ಥೆಯಾಯಿತು. ನೆಲೆಯಿಲ್ಲದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ನೆಲ ದೊರಕಿಸಿಕೊಡಲೂ ಅವರು ಶ್ರಮಿಸಿದರು.

ಇದಕ್ಕಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕೇರಿಯ ಮಕ್ಕಳನ್ನು ಹತ್ತಿರ ಕರೆದುದಕ್ಕೆ ಮನೆಮಂದಿಯೆಲ್ಲ ದಂಡ ತೆರಬೇಕಾಯಿತು. ಆದರೂ ರಂಗರಾಯರು ಹಿಂಜರಿಯಲಿಲ್ಲ. ಹೊರಗೆ ಆಡಿದ್ದನ್ನು ಮನೆಯೊಳಗೂ ನಡೆಸಿದರು. ಮಗಳು ರಾಧಾಬಾಯಿಯವರನ್ನು ಜಾತಿಯ ಗಡಿ ಮೀರಿ ಡಾ. ಪಿ. ಸುಬ್ಬರಾಯನ್ ಅವರಿಗೆ ಧಾರೆಯೆರೆದರು. ಅಳಿಯ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. 1938ರಲ್ಲಿ ರಾಧಾಬಾಯಿಯವರು ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಆಯ್ಕೆಯಾದರು.

ಕೊನೆಗಾಲದಲ್ಲಿ ರಂಗರಾಯರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರಿನ ಕಸ ಗುಡಿಸುವ ಜನರೇ ಹೊತ್ತು ಅಂತ್ಯಕ್ರಿಯೆ ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು.

1956ರಲ್ಲಿ ನಮ್ಮ ನಾಡು ಕೇರಳಕ್ಕೆ ಸೇರಿದಂದಿನಿಂದ ಮಕ್ಕಳ ಕನ್ನಡ ಕಲಿಕೆಯ ಕುರಿತು ನಾವು ಕಳವಳಪಡುತ್ತಲೇ ಬಂದಿದ್ದೇವೆ. ತರಗತಿಯಲ್ಲಿ ತನ್ನ ಭಾಷೆ ಕೇಳಿಸದ ಮಗುವಿನ ಸಂಕಟ ಏನೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಬಲ್ಲ ನಾವು, ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಕೊರಗರ ಕಾಲನಿಯ ಮಗು ಇಂದು ಅಂಗನವಾಡಿಗೆ ಹೋಯಿತೇ ಎಂದು ಎಂದಾದರೂ ವಿಚಾರಿಸಿದ್ದೇವೆಯೇ? ಗಡಿಯಾಚೆಯವರು ನಮ್ಮನ್ನು ಮರೆತರೆಂದು ದೂರುವ ನಾವು, ಬೇಲಿಯಾಚೆಯವರನ್ನು ಮರೆಯುವುದು ನ್ಯಾಯವೇ?

ರಂಗರಾಯರಂತೆ ಶಾಲೆ ಕಟ್ಟುವುದು ಎಲ್ಲರಿಂದಾಗದು. ವಾರಕ್ಕೊಂದು ಸಂಜೆ ನಾಲ್ಕು ಮಕ್ಕಳನ್ನು ಚಾವಡಿಯಲ್ಲಿ ಕೂರಿಸಿಕೊಂಡು ಕಥೆ ಹೇಳುವುದು, ಅಕ್ಷರ ತಿದ್ದಿಸುವುದು ಆಗದ ಕೆಲಸವಲ್ಲ. ಶಾಲೆಗೆ ಬಾರದ ಮಗುವನ್ನು ಕಂಡರೆ ಗದರಿಸುವ ಮೊದಲು, ಅದು ಯಾಕೆ ಬರಲಿಲ್ಲವೆಂದು ಅದರ ಮನೆಗೆ ಹೋಗಿ ಕೇಳೋಣ. ಎರಡು ಪೈಸೆಯ ಏರ್ಪಾಡು ಹುಟ್ಟಿದ್ದು ಮಗುವಿನ ಮನೆಯ ಕಷ್ಟ ತಿಳಿದವರ ಮನಸ್ಸಿನಲ್ಲಿ.