ಆಸ್ಟ್ರಿಚ್ ಮರಳಿನಲ್ಲಿ ತಲೆ ಹುದುಗಿಸುತ್ತದೆಯೇ? ಎರಡು ಸಾವಿರ ವರ್ಷದ ಫಾರ್ವರ್ಡ್ ಮತ್ತು ಅದನ್ನು ಬರೆದಿಟ್ಟ ಪ್ಲಿನಿ

ಕಾಡುಪ್ರಾಣಿಗಳ ಬಗ್ಗೆ ಅಚ್ಚರಿಯ ಸಂಗತಿಗಳ ಪಟ್ಟಿಯೊಂದು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೇಲೆ, ಮಕ್ಕಳಿಗೆ ತಪ್ಪದೇ ಓದಿ ಹೇಳಿ ಎಂಬ ಸಾಲು. ಕೆಳಗೆ, ಎಲ್ಲರಿಗೂ ಶೇರ್ ಮಾಡಿ ಎಂಬ ಸಾಲು. ನಡುವೆ ಆಸ್ಟ್ರಿಚ್ ಹೆದರಿದರೆ ಮರಳಿನಲ್ಲಿ ತಲೆ ಹುದುಗಿಸುತ್ತದೆ, ಆನೆಗೆ ಇಲಿ ಕಂಡರೆ ಭಯ, ಮುಳ್ಳುಹಂದಿ ತನ್ನ ಮುಳ್ಳನ್ನು ಬಾಣದಂತೆ ಬಿಡುತ್ತದೆ ಎಂಬಂಥ ಸಂಗತಿಗಳು.

ಇವು ಮೊದಲು ಎಲ್ಲಿಂದ ಬಂದವು ಎಂದು ನಾವು ಹುಡುಕುತ್ತಾ ಹೋದೆವು. ಹಳೆಯ ಶಾಲಾ ಪುಸ್ತಕ, ಅದಕ್ಕೂ ಹಳೆಯ ಯುರೋಪಿನ ಪ್ರಾಣಿಕಥೆಗಳ ಪುಸ್ತಕ, ಹೀಗೆ ಹಿಂದೆ ಹಿಂದೆ ಸರಿದರೆ ಹಲವು ದಾರಿಗಳು ಒಬ್ಬನೇ ಮನುಷ್ಯನ ಮನೆ ಬಾಗಿಲಿಗೆ ಬಂದು ಸೇರುತ್ತವೆ. ಅವನೇ ರೋಮ್ ಸಾಮ್ರಾಜ್ಯದ ಹಿರಿಯ ಪ್ಲಿನಿ. ಸತ್ತು 1,900 ವರ್ಷಗಳ ಮೇಲಾಯಿತು. ಆದರೆ ಅವನ ಸಂದೇಶಗಳು ಇನ್ನೂ ಡೆಲಿವರಿ ಆಗುತ್ತಲೇ ಇವೆ.

ಹಾಗೆಂದು ಅವನನ್ನು ಸುಳ್ಳುಗಾರ ಎಂದು ತಳ್ಳಿಹಾಕಬೇಡಿ. ಓದುತ್ತಾ ಹೋದಂತೆ ನಮಗೆ ಅವನ ಮೇಲೆ ಸಿಟ್ಟಿಗಿಂತ ಪ್ರೀತಿಯೇ ಹೆಚ್ಚಾಯಿತು.

ಓದುವ ಹುಚ್ಚಿನ ಅಧಿಕಾರಿ

ಪ್ಲಿನಿ ಹುಟ್ಟಿದ್ದು ಕ್ರಿ.ಶ. 23 ಅಥವಾ 24ರಲ್ಲಿ, ಉತ್ತರ ಇಟಲಿಯ ಕೋಮೋ ಎಂಬ ಊರಿನಲ್ಲಿ. ಪೂರ್ತಿ ಹೆಸರು ಗಾಯಸ್ ಪ್ಲಿನಿಯಸ್ ಸೆಕುಂಡಸ್. ಯೌವನದಲ್ಲಿ ಜರ್ಮನಿಯ ಗಡಿಯಲ್ಲಿ ಕುದುರೆ ಸೈನ್ಯದ ಅಧಿಕಾರಿ. ಅವನ ಮೊದಲ ಪುಸ್ತಕದ ವಿಷಯವೇ ಕುದುರೆ ಮೇಲೆ ಕೂತು ಈಟಿ ಎಸೆಯುವುದು ಹೇಗೆ ಎಂಬುದು. ಆಮೇಲೆ ಜರ್ಮನಿಯ ಯುದ್ಧಗಳ ಬಗ್ಗೆ 20 ಸಂಪುಟ ಬರೆದ. ಕ್ರೂರಿ ನೀರೋ ಚಕ್ರವರ್ತಿಯ ಕೊನೆಯ ವರ್ಷಗಳಲ್ಲಿ ಬಾಯಿ ಬಿಟ್ಟರೆ ತಲೆ ಹೋಗುವ ಪರಿಸ್ಥಿತಿ. ಆಗ ಜಾಣತನದಿಂದ ವ್ಯಾಕರಣದ ಪುಸ್ತಕ ಬರೆದುಕೊಂಡು ಕಾಲ ಕಳೆದ. 69ರಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯಾದ ಮೇಲೆ ಸ್ಪೇನ್ ಸೇರಿದಂತೆ ಹೊರನಾಡುಗಳಲ್ಲಿ ದೊಡ್ಡ ಹುದ್ದೆಗಳು ಸಿಕ್ಕವು.

ಅವನ ದಿನಚರಿ ನಮಗೆ ಗೊತ್ತಿರುವುದು ಅವನ ತಂಗಿಯ ಮಗ, ಕಿರಿಯ ಪ್ಲಿನಿ, ಬರೆದ ಪತ್ರಗಳಿಂದ. ಬೆಳಕು ಹರಿಯುವ ಮೊದಲೇ ಎದ್ದು ದೀಪದ ಬೆಳಕಿನಲ್ಲಿ ಓದು. ಚಕ್ರವರ್ತಿಯೂ ಅಂಥವನೇ ಆಗಿದ್ದರಿಂದ ಕತ್ತಲಲ್ಲೇ ಹೋಗಿ ಅವನನ್ನು ಕಂಡು ಬರುವುದು. ಊಟ ಮಾಡುವಾಗ ಪಕ್ಕದಲ್ಲಿ ಒಬ್ಬ ಗಟ್ಟಿಯಾಗಿ ಪುಸ್ತಕ ಓದಬೇಕು. ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗಲೂ ಓದು ನಡೆಯುತ್ತಿರಬೇಕು. ಒಮ್ಮೆ ಓದುವವನು ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದಾಗ ಗೆಳೆಯನೊಬ್ಬ ತಡೆದು ಮತ್ತೆ ಓದಿಸಿದ. ಅರ್ಥವಾಗಿತ್ತಲ್ಲ, ಮತ್ತೇಕೆ ನಿಲ್ಲಿಸಿದೆ, ಹತ್ತು ಸಾಲು ಹಾಳಾಯಿತು ಎಂದು ಪ್ಲಿನಿ ಗೆಳೆಯನನ್ನೇ ಗದರಿಸಿದನಂತೆ. ರೋಮ್ ನಗರದಲ್ಲಿ ಅವನು ನಡೆಯುತ್ತಿರಲಿಲ್ಲ, ಪಲ್ಲಕ್ಕಿಯಲ್ಲಿ ಹೋಗುತ್ತಿದ್ದ. ನಡೆದರೆ ಓದಲು ಆಗುವುದಿಲ್ಲವಲ್ಲ! ಸೋದರಳಿಯ ನಡೆದುಕೊಂಡು ಹೋದದ್ದನ್ನು ಕಂಡು ಅವನಿಗೂ ಬೈಗುಳ.

ಓದಿದ್ದನ್ನೆಲ್ಲ ಟಿಪ್ಪಣಿ ಮಾಡುತ್ತಿದ್ದ. ಸಾಯುವ ಹೊತ್ತಿಗೆ ಹಾಳೆಯ ಎರಡೂ ಬದಿ ಸಣ್ಣ ಅಕ್ಷರದಲ್ಲಿ ತುಂಬಿದ 160 ಟಿಪ್ಪಣಿ ಸುರುಳಿಗಳಿದ್ದವು. ಎಷ್ಟೇ ಕೆಟ್ಟ ಪುಸ್ತಕವಾದರೂ ಅದರಲ್ಲಿ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬರುವುದು ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆ. ಅವನ ದೊಡ್ಡ ಗುಣವೂ ಇದೇ, ತೊಂದರೆ ಶುರುವಾದದ್ದೂ ಇಲ್ಲೇ ಎಂದು ನಮಗನ್ನಿಸುತ್ತದೆ.

77ರಲ್ಲಿ ಆ ಟಿಪ್ಪಣಿಗಳಿಂದ 37 ಭಾಗಗಳ ನ್ಯಾಚುರಲ್ ಹಿಸ್ಟರಿ ಎಂಬ ಮಹಾಗ್ರಂಥ ಹೊರಬಂತು. ಸುಮಾರು 2,000 ಪುಸ್ತಕಗಳಿಂದ ಆರಿಸಿದ 20,000 ಸಂಗತಿಗಳು ಇದರಲ್ಲಿವೆ ಎಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಆಕಾಶ, ಭೂಮಿ, ಗಿಡಮರ, ಔಷಧ, ಲೋಹ ಎಲ್ಲವೂ ಇವೆ. 8ರಿಂದ 11ನೇ ಭಾಗದವರೆಗೆ ಪ್ರಾಣಿ, ಮೀನು, ಹಕ್ಕಿ, ಕೀಟಗಳು.

ನಮ್ಮ ಕರಾವಳಿಯೂ ಈ ಪುಸ್ತಕದಲ್ಲಿ ಇಣುಕುತ್ತದೆ. ಭಾರತದ ಜೊತೆಗಿನ ವ್ಯಾಪಾರಕ್ಕೆ ವರ್ಷಕ್ಕೆ ಕಡಿಮೆಯೆಂದರೂ ಐದು ಕೋಟಿ ಸೆಸ್ಟರ್ಸ್ ನಾಣ್ಯ ಹರಿದುಹೋಗುತ್ತಿದೆ ಎಂದು ಅವನು ಗೊಣಗುತ್ತಾನೆ. ಕರಿಮೆಣಸಿನಲ್ಲಿ ಖಾರ ಬಿಟ್ಟರೆ ಮತ್ತೇನಿದೆ ಎಂಬುದೂ ಅವನಿಗೆ ಅರ್ಥವಾಗಿರಲಿಲ್ಲ. ಹಡಗುಗಳು ಎಚ್ಚರವಾಗಿರಬೇಕಾದ ನಿಟ್ರಿಯಾಸ್ ಎಂಬ ಕಡಲ್ಗಳ್ಳರ ತಾಣವನ್ನು ಹೆಸರಿಸುತ್ತಾನೆ. ಅದು ನೇತ್ರಾವತಿ ನದಿಯ ಆಸುಪಾಸು, ಅಂದರೆ ಮಂಗಳೂರಿನ ಕಡೆ ಇತ್ತು ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ.

ಅವನು ಬರೆದದ್ದೇನು, ನಿಜ ಏನು?

ಮೊದಲು ಆಸ್ಟ್ರಿಚ್. ಪ್ಲಿನಿಯ ಪುಸ್ತಕದಲ್ಲಿ ಮರಳು ಇಲ್ಲವೇ ಇಲ್ಲ! ಅವನು ಬರೆದದ್ದು ಇಷ್ಟು: ಈ ಹಕ್ಕಿ ಪೊದೆಯೊಳಗೆ ತಲೆ, ಕುತ್ತಿಗೆ ತೂರಿಸಿ ಇಡೀ ಮೈ ಅಡಗಿತು ಎಂದುಕೊಳ್ಳುತ್ತದೆ. ಪೊದೆ ಹೋಗಿ ಮರಳು ಬಂದದ್ದು ಆಮೇಲೆ, ಬಾಯಿಂದ ಬಾಯಿಗೆ ದಾಟುವಾಗ. ನಿಜ ಸಂಗತಿ ಬೇರೆ. ಆಸ್ಟ್ರಿಚ್ ಅಪಾಯ ಕಂಡರೆ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಓಡಲಾಗದಿದ್ದರೆ, ಗೂಡಿನ ಮೇಲಿದ್ದರೆ, ಕುತ್ತಿಗೆಯನ್ನು ನೆಲಕ್ಕೆ ಚಾಚಿ ಮಲಗಿಬಿಡುತ್ತದೆ. ದೂರದಿಂದ ನೋಡಿದವರಿಗೆ ತಲೆ ಕಾಣದೆ ಬರೀ ಮಣ್ಣಿನ ದಿಬ್ಬದಂತೆ ಕಾಣುತ್ತದೆ. ನೆಲದ ಗುಂಡಿಯಲ್ಲಿಟ್ಟ ಮೊಟ್ಟೆಗಳನ್ನು ಆಗಾಗ ಕೊಕ್ಕಿನಿಂದ ಹೊರಳಿಸಲು ತಲೆ ಬಗ್ಗಿಸುವುದೂ ಉಂಟು. ತಲೆಯನ್ನು ಮರಳಿನಲ್ಲಿ ಹೂತರೆ ಉಸಿರಾಡುವುದು ಹೇಗೆ ಎಂದು ಒಂದು ಮಗು ಕೇಳಿದ್ದರೆ ಈ ಕಥೆ ಅಲ್ಲೇ ನಿಲ್ಲುತ್ತಿತ್ತು.

ಮುಳ್ಳುಹಂದಿ ಭಾರತ ಮತ್ತು ಆಫ್ರಿಕಾದಲ್ಲಿದೆ ಎಂದು ಬರೆದದ್ದು ಸರಿ. ಚರ್ಮ ಬಿಗಿದು ಮುಳ್ಳನ್ನು ಎಸೆಯುತ್ತದೆ ಎಂದದ್ದು ತಪ್ಪು. ಈ ಮಾತು ನಮ್ಮ ಹಳ್ಳಿಗಳಲ್ಲೂ ಕೇಳಿಬರುತ್ತದೆ. ಮುಳ್ಳುಹಂದಿಗೆ ಮುಳ್ಳನ್ನು ಎಸೆಯುವ ಶಕ್ತಿ ಇಲ್ಲ. ಅದು ಮುಳ್ಳುಗಳನ್ನು ನಿಗುರಿಸಿ, ಸದ್ದು ಮಾಡಿ, ಹಿಮ್ಮುಖವಾಗಿ ನುಗ್ಗುತ್ತದೆ. ಮುಳ್ಳುಗಳು ಸುಲಭವಾಗಿ ಕಳಚಿಕೊಳ್ಳುವುದರಿಂದ ಎದುರಿನ ನಾಯಿಯೋ ಚಿರತೆಯೋ ಅದರಿಂದ ಚುಚ್ಚಿಸಿಕೊಂಡು ಬರುತ್ತದೆ.

ಕರಡಿ ಮರಿ ಹುಟ್ಟುವಾಗ ಆಕಾರವಿಲ್ಲದ ಬಿಳಿ ಮಾಂಸದ ಮುದ್ದೆ, ತಾಯಿ ನೆಕ್ಕಿ ನೆಕ್ಕಿ ಅದಕ್ಕೆ ರೂಪ ಕೊಡುತ್ತಾಳೆ ಎಂದೂ ಬರೆದ. ಕೇಳಲು ಚೆನ್ನಾಗಿದೆ. ಇದರಲ್ಲಿ ಅರ್ಧ ನಿಜವೂ ಇದೆ, ಏಕೆಂದರೆ ನೂರಾರು ಕಿಲೋ ತೂಗುವ ಕಂದು ಕರಡಿಗೆ ಹುಟ್ಟುವ ಮರಿ ಅರ್ಧ ಕಿಲೋ ಆಸುಪಾಸು, ಕಣ್ಣು ಮುಚ್ಚಿರುತ್ತದೆ. ಆದರೆ ಕೈಕಾಲು ಎಲ್ಲವೂ ಮೊದಲೇ ಇರುತ್ತವೆ. ಗೋಸುಂಬೆ ಗಾಳಿ ತಿಂದೇ ಬದುಕುತ್ತದೆ ಎಂಬುದಂತೂ ಪೂರ್ತಿ ಸುಳ್ಳು. ಅದರ ನಾಲಿಗೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊರಬಂದು ಹುಳುವನ್ನು ಹಿಡಿದು ಒಳಗೆ ಹೋಗಿಬಿಡುತ್ತದೆ. ನೋಡುವವನಿಗೆ ಅದು ಬರೀ ಬಾಯಿ ಕಳೆದಂತೆ ಕಂಡಿರಬೇಕು.

ಇನ್ನು ಆನೆ. ಎಲ್ಲ ಪ್ರಾಣಿಗಳಿಗಿಂತ ಆನೆಗೆ ಇಲಿ ಕಂಡರೆ ಅಸಹ್ಯ, ಇಲಿ ಮುಟ್ಟಿದ ಮೇವನ್ನು ಅದು ತಿನ್ನುವುದಿಲ್ಲ ಎಂದು ಬರೆದ. ಗಮನಿಸಿ, ಅಸಹ್ಯ ಎಂದಷ್ಟೇ ಹೇಳಿದ್ದು. ಇದೂ ಮುಂದೆ ಭಯವಾಗಿ ಬದಲಾಯಿತು. ಆನೆ ನಿಜವಾಗಿ ಹೆದರುವ ಸಣ್ಣ ಜೀವಿಯೊಂದಿದೆ, ಅದು ಜೇನುನೊಣ. ಕೀನ್ಯಾದಲ್ಲಿ ನಡೆದ ಅಧ್ಯಯನಗಳಲ್ಲಿ ಜೇನಿನ ಗುಂಯ್ ಸದ್ದು ಕೇಳಿಸಿದರೇ ಆನೆಗಳು ದೂರ ಸರಿದವು. ಅಲ್ಲಿನ ರೈತರು ಹೊಲದ ಸುತ್ತ ಜೇನುಪೆಟ್ಟಿಗೆಗಳ ಬೇಲಿ ಕಟ್ಟುತ್ತಾರೆ.

ಆನೆಯ ಬಸಿರು ಹತ್ತು ವರ್ಷ ಎಂದು ಜನ ನಂಬುತ್ತಾರೆ, ಅರಿಸ್ಟಾಟಲ್ ಪ್ರಕಾರ ಎರಡು ವರ್ಷ ಎಂದೂ ಪ್ಲಿನಿ ದಾಖಲಿಸಿದ್ದಾನೆ. ನಿಜವಾಗಿ ಅದು ಸುಮಾರು 22 ತಿಂಗಳು.

ಆನೆಗಳ ಬಗ್ಗೆ ಅವನು ಬರೆದ ಇನ್ನೊಂದು ಸಂಗತಿ ಓದಿ ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಕ್ರಿ.ಪೂ. 55ರಲ್ಲಿ ಪಾಂಪೆ ಎಂಬ ಸೇನಾನಿ ಜನರ ಮನರಂಜನೆಗೆಂದು ಸುಮಾರು ಇಪ್ಪತ್ತು ಆನೆಗಳನ್ನು ಅಖಾಡಕ್ಕೆ ಬಿಟ್ಟು ಈಟಿ ಹಿಡಿದವರಿಂದ ಕೊಲ್ಲಿಸಿದ. ಕಾಲಿಗೆ ಪೆಟ್ಟಾದ ಒಂದು ಆನೆ ಮಂಡಿಯೂರಿ ತೆವಳುತ್ತಲೇ ಹೋರಾಡಿತು. ತಪ್ಪಿಸಿಕೊಳ್ಳುವ ದಾರಿ ಇಲ್ಲವೆಂದಾದಾಗ ಆನೆಗಳು ಜನರ ಕಡೆ ತಿರುಗಿ ಬೇಡಿಕೊಳ್ಳುವಂತೆ ಗೋಳಿಟ್ಟವು. ನೋಡಲು ಬಂದವರು ಅಳುತ್ತಾ ಎದ್ದು ನಿಂತು ಪಾಂಪೆಗೆ ಶಾಪ ಹಾಕಿದರು. ಇದು ನಡೆದಾಗ ಪ್ಲಿನಿ ಹುಟ್ಟಿರಲಿಲ್ಲ. ಹಾಗಾದರೆ ನಂಬುವುದು ಹೇಗೆ? ಆ ಆಟಗಳಿಗೆ ಹೋಗಿದ್ದ ಸಿಸೆರೋ ಅದೇ ವರ್ಷ ಗೆಳೆಯನಿಗೆ ಬರೆದ ಪತ್ರದಲ್ಲೂ ಜನ ಆನೆಗಳಿಗಾಗಿ ಮರುಗಿದ್ದು ದಾಖಲಾಗಿದೆ. ಮನುಷ್ಯನಿಗೂ ಈ ಪ್ರಾಣಿಗೂ ಏನೋ ನಂಟಿದೆ ಎಂಬ ಭಾವನೆ ಅಲ್ಲಿದ್ದವರಲ್ಲಿ ಮೂಡಿತು ಎಂದು ಅವನು ಬರೆದ.

ಪ್ಲಿನಿ ಎಲ್ಲವನ್ನೂ ನಂಬಿದನೇ?

ಇಲ್ಲ. ಸಾಯುವಾಗ ಹಂಸ ಹಾಡುತ್ತದೆ ಎಂಬ ಮಾತನ್ನು ಅವನು ಒಪ್ಪಲಿಲ್ಲ, ಗಮನಿಸಿ ನೋಡಿದರೆ ಅದು ಸುಳ್ಳು ಎಂದ. ಮನುಷ್ಯ ತೋಳವಾಗಿ ಬದಲಾಗುತ್ತಾನೆ ಎಂಬುದನ್ನು ಖಡಾಖಂಡಿತವಾಗಿ ತಳ್ಳಿಹಾಕಿದ. ಕ್ರಿ.ಶ. 47ರಲ್ಲಿ ಬೂದಿಯಿಂದ ಎದ್ದುಬರುವ ಫೀನಿಕ್ಸ್ ಹಕ್ಕಿ ಸಿಕ್ಕಿದೆಯೆಂದು ರೋಮ್‌ನಲ್ಲಿ ಒಂದು ಹಕ್ಕಿಯನ್ನು ಪ್ರದರ್ಶನಕ್ಕಿಟ್ಟರು. ಅದು ನಕಲಿ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಾರದು ಎಂದು ಬರೆದ. ಸಾಲಮಾಂಡರ್ ಎಂಬ, ನೋಡಲು ಹಲ್ಲಿಯಂತಿರುವ ಜೀವಿ ಬೆಂಕಿ ಆರಿಸುತ್ತದೆ ಎಂದು ಒಂದು ಕಡೆ ಬರೆದವನು, ಹತ್ತೊಂಬತ್ತು ಭಾಗಗಳ ನಂತರ, ಅದು ನಿಜವಾಗಿದ್ದರೆ ರೋಮ್‌ನವರು ಯಾವಾಗಲೋ ಉಪಯೋಗಿಸಿಕೊಳ್ಳುತ್ತಿದ್ದರು ಎಂದ. ಬೆಂಕಿ ಅನಾಹುತಗಳಿಗೆ ಹೆಸರಾದ ನಗರವದು. ಆದರೆ ಹಿಂದಿನ ಸಾಲನ್ನು ಅಳಿಸಲಿಲ್ಲ. ಜನ ನೆನಪಿಟ್ಟುಕೊಂಡದ್ದು ಆ ಮೊದಲ ಸಾಲನ್ನೇ.

ಕಣ್ಣಾರೆ ಕಂಡದ್ದನ್ನು ಬರೆದಾಗ ಅವನ ಬರಹದ ಬಣ್ಣವೇ ಬೇರೆ. ಕ್ಲಾಡಿಯಸ್ ಚಕ್ರವರ್ತಿ ಓಸ್ಟಿಯಾ ಬಂದರು ಕಟ್ಟಿಸುತ್ತಿದ್ದಾಗ ದೊಡ್ಡ ಕಡಲಪ್ರಾಣಿಯೊಂದು ಆಳವಿಲ್ಲದ ನೀರಿಗೆ ಬಂದು ಸಿಕ್ಕಿಹಾಕಿಕೊಂಡಿತು. ಮುಳುಗಿದ ಹಡಗೊಂದರ ಚರ್ಮದ ಸರಕನ್ನು ತಿನ್ನಲು ಬಂದಿತ್ತಂತೆ. ಚಕ್ರವರ್ತಿ ಬಲೆ ಹಾಕಿಸಿ, ದೋಣಿಗಳಲ್ಲಿ ಸೈನಿಕರನ್ನು ಕಳಿಸಿ ಈಟಿಯಿಂದ ಹೊಡೆಸಿದ. ಅದು ಚಿಮ್ಮಿಸಿದ ನೀರು ತುಂಬಿ ಒಂದು ದೋಣಿ ಮುಳುಗಿದ್ದನ್ನು ಪ್ಲಿನಿ ತಾನೇ ನೋಡಿದ. ಆ ಪ್ರಾಣಿಯನ್ನು ಅವನು ಓರ್ಕಾ ಎಂದು ಕರೆದ. ಇಂದು ನಾವು ಕಿಲ್ಲರ್ ವೇಲ್ ಎನ್ನುವ ಪ್ರಾಣಿಗೆ ಅದೇ ಹೆಸರಿದೆ.

ಮುಂದೆ ನೂರಾರು ವರ್ಷ ಯುರೋಪಿನವರು ಅವನ ಪುಸ್ತಕವನ್ನು ಕೈಯಿಂದ ನಕಲು ಮಾಡಿದರು. 1469ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಇದರಲ್ಲಿ ತಪ್ಪುಗಳಿವೆ ಎಂದು ನಿಕೊಲೊ ಲಿಯೊನಿಚೆನೊ ಎಂಬ ಇಟಲಿಯ ವೈದ್ಯ ಪಟ್ಟಿ ಮಾಡಿ ಪ್ರಕಟಿಸಿದ್ದು 1492ರಲ್ಲಿ. ಗಿಡಮೂಲಿಕೆಗಳ ಬಗ್ಗೆ ತಪ್ಪು ಓದಿ ಮದ್ದು ಕೊಟ್ಟರೆ ರೋಗಿ ಸಾಯುತ್ತಾನೆ ಎಂಬುದು ಅವನ ಚಿಂತೆ. ಫ್ಯಾಕ್ಟ್ ಚೆಕ್ ಬರಲು 1,400 ವರ್ಷ ಹಿಡಿಯಿತು!

ಕೊನೆಯ ಪ್ರಯಾಣ

79ರಲ್ಲಿ ಪ್ಲಿನಿ ನೇಪಲ್ಸ್ ಕೊಲ್ಲಿಯ ಮಿಸೆನಮ್‌ನಲ್ಲಿ ನೌಕಾಪಡೆಯ ಮುಖ್ಯಸ್ಥ. ಒಂದು ಮಧ್ಯಾಹ್ನ ಅವನ ತಂಗಿ ಆಕಾಶದಲ್ಲಿ ಎದ್ದ ವಿಚಿತ್ರ ಮೋಡವನ್ನು ತೋರಿಸಿದಳು. ಕಾಂಡ ನೀಳವಾಗಿ ಮೇಲೇರಿ ತುದಿಯಲ್ಲಿ ಕೊಡೆಯಂತೆ ಹರಡಿದ ಪೈನ್ ಮರದ ಆಕಾರ. ವೆಸೂವಿಯಸ್ ಜ್ವಾಲಾಮುಖಿ ಸಿಡಿದಿತ್ತು. ಹತ್ತಿರ ಹೋಗಿ ನೋಡಬೇಕೆಂದು ಚಿಕ್ಕ ದೋಣಿ ಸಿದ್ಧ ಮಾಡಿಸಿದ. 17 ವರ್ಷದ ಸೋದರಳಿಯನನ್ನೂ ಕರೆದ. ಮಾವ ಕೊಟ್ಟ ಹೋಂವರ್ಕ್ ಬಾಕಿ ಇದೆ ಎಂದು ಹುಡುಗ ಮನೆಯಲ್ಲೇ ಉಳಿದ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿದ್ದ ರೆಕ್ಟಿನಾ ಎಂಬ ಹೆಂಗಸಿನಿಂದ ಕಾಪಾಡಿ ಎಂಬ ಚೀಟಿ ಬಂತು. ಕುತೂಹಲಕ್ಕೆ ಹೊರಟವನು ಯುದ್ಧನೌಕೆಗಳನ್ನೇ ಇಳಿಸಿ ಜನರನ್ನು ಉಳಿಸಲು ಹೊರಟ.

ಎಲ್ಲರೂ ಓಡಿಬರುತ್ತಿದ್ದ ದಿಕ್ಕಿಗೆ ಅವನು ಹೋದ. ಹಡಗಿನ ಮೇಲೆ ಬೂದಿ, ಸುಟ್ಟ ಕಲ್ಲು ಬೀಳುತ್ತಿರುವಾಗಲೂ ಕಂಡದ್ದನ್ನೆಲ್ಲ ಹೇಳಿ ಬರೆಸುತ್ತಿದ್ದ. ದಡ ಸೇರಲಾಗದೆ ಸ್ಟೇಬಿಯೆ ಎಂಬಲ್ಲಿ ಗೆಳೆಯನ ಮನೆಗೆ ಹೋಗಿ, ಎಲ್ಲರಿಗೂ ಧೈರ್ಯ ಬರಲೆಂದು ಸ್ನಾನ, ಊಟ ಮುಗಿಸಿ, ಗೊರಕೆ ಹೊಡೆಯುತ್ತಾ ನಿದ್ದೆಯನ್ನೂ ಮಾಡಿದ. ಅಂಗಳದಲ್ಲಿ ಬೂದಿ ತುಂಬತೊಡಗಿದಾಗ ಎಬ್ಬಿಸಿದರು. ತಲೆಗೆ ದಿಂಬು ಕಟ್ಟಿಕೊಂಡು ಸಮುದ್ರದ ಕಡೆ ನಡೆದರು. ಅಲೆಗಳು ದೋಣಿ ಇಳಿಸಲು ಬಿಡಲಿಲ್ಲ. ಹಾಸಿದ ಹಾಯಿಬಟ್ಟೆಯ ಮೇಲೆ ಮಲಗಿ ಎರಡು ಸಲ ತಣ್ಣೀರು ಕೇಳಿ ಕುಡಿದ. ಗಂಧಕದ ವಾಸನೆ ಹೆಚ್ಚಿದಾಗ ಇಬ್ಬರು ಸೇವಕರ ಹೆಗಲು ಹಿಡಿದು ಎದ್ದವನು ಅಲ್ಲೇ ಕುಸಿದ. ಬೆಳಕು ಮರಳಿದ ಮೇಲೆ ದೇಹ ಸಿಕ್ಕಿತು. ಗಾಯವಿರಲಿಲ್ಲ, ಮಲಗಿದಂತಿತ್ತು. ಇಂದಿಗೂ ಅಂಥ ಸ್ಫೋಟವನ್ನು ವಿಜ್ಞಾನಿಗಳು ಪ್ಲಿನಿಯನ್ ಸ್ಫೋಟ ಎಂದೇ ಕರೆಯುತ್ತಾರೆ.

ಆ 160 ಸುರುಳಿಗಳು ಸೋದರಳಿಯನ ಪಾಲಿಗೆ ಬಂದವು. ಎಷ್ಟೋ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್ ಮಾವನ ಸಾವಿನ ವಿವರ ಕೇಳಿದಾಗ ಅವನು ಪತ್ರ ಬರೆದ. ಕೊನೆಯಲ್ಲಿ ಒಂದು ಮಾತು ಸೇರಿಸಿದ: ತಾನು ಹೇಳಿದ್ದೆಲ್ಲ ಒಂದೋ ತಾನೇ ಇದ್ದು ನೋಡಿದ್ದು, ಇಲ್ಲವೇ ಘಟನೆ ನಡೆದ ಕೂಡಲೇ, ಮಾತು ಇನ್ನೂ ಹಸಿಯಾಗಿದ್ದಾಗ ಕೇಳಿದ್ದು.